ಹಿತ್ತಲಿಗೆ ಬರುವ ಬೀದಿ ಬೆಕ್ಕುಗಳನ್ನು ಹೆದರಿಸಿ ಓಡಿಸುವುದು ಹೇಗೆ? ಮನೆಯಲ್ಲಿ ಬಸುರಿ ಮಗಳಿದ್ದಾಳೆ

ಮಾಳಮಡ್ಡಿ ಹಿತ್ತಲು, ಶನಿವಾರ ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. ಹಿಂದೆ ಉದ್ದನೆಯ ಹಿತ್ತಲಿದೆ. ಎರಡು ಪೇರಲ, ಒಂದು ಲಿಂಬೆ, ಕರಿಬೇವು, ಬಚ್ಚಲ ನೀರು ಹರಿಯುವ ಕಡೆ ಬಾಳೆ, ನಡುವೆ ನಾನೇ ಕೈಯಾರೆ ಮಾಡಿದ ನಾಲ್ಕು ಮಡಿ ತರಕಾರಿ. ಎರಡು ತಿಂಗಳಿಂದ ಬೀದಿ ಬೆಕ್ಕುಗಳು ಈ ಹಿತ್ತಲನ್ನು ತಮ್ಮದು ಮಾಡಿಕೊಂಡಿವೆ.

ಮೆಂತೆ ಬಿತ್ತಿದ ರಾತ್ರಿಯೇ ಮಡಿ ಕೆದರಿ, ಹೊಲಸು ಮಾಡಿ, ಮಣ್ಣು ಮುಚ್ಚಿ ಹೋಗುತ್ತವೆ. ಬೂದು ಬಣ್ಣದ ದೊಡ್ಡ ಗಂಡು ಬೆಕ್ಕೊಂದಿದೆ, ಎಡಗಿವಿ ಹರಿದಿದೆ. ಅದು ದಿನವೂ ತುಳಸಿ ಕಟ್ಟೆಗೇ ಬಾಲವೆತ್ತಿ ಮೂತ್ರ ಚಿಮ್ಮಿಸುತ್ತದೆ. ಆ ವಾಸನೆ ದೇವರ ಮನೆಯವರೆಗೂ ಬರುತ್ತದೆ. ಹೊರಸಿನ ಮೇಲೆ ಒಣಹಾಕಿದ್ದ ಸಂಡಿಗೆಯನ್ನೆಲ್ಲ ತುಳಿದು ಹಾಳು ಮಾಡಿದವು. ರಾತ್ರಿ ಎರಡು ಗಂಟೆಗೆ ಜಗಳ, ಕೂಸು ಅತ್ತ ಹಾಗೆ ಕೂಗು.

ಇದೆಲ್ಲಕ್ಕಿಂತ ದೊಡ್ಡ ಚಿಂತೆ ಬೇರೆ. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಈಗ ಏಳನೇ ತಿಂಗಳು. ಬೆಕ್ಕಿನ ಹೊಲಸಿನಿಂದ ಬಸುರಿಯರಿಗೆ ರೋಗ ತಗಲುತ್ತದೆ ಎಂದು ಕೇಳಿದಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಮಡಿಯ ಮೆಂತೆಯನ್ನು ನಾವು ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನುವವರು.

ಕೋಲು ಹಿಡಿದು ಓಡಿಸಿದ್ದೇನೆ. ನೀರು ಎರಚಿದ್ದೇನೆ. ಕಂಪೌಂಡಿನ ಉದ್ದಕ್ಕೂ ನೀಲಿ ನೀರಿನ ಬಾಟಲಿ ಇಟ್ಟಿದ್ದೇನೆ. ಫಿನಾಯಿಲ್ ಸುರಿದಿದ್ದೇನೆ, ಗಿಡಗಳ ಬುಡದಲ್ಲಿ ಡಾಂಬರು ಗುಳಿಗೆ ಹಾಕಿದ್ದೇನೆ. ಎರಡು ದಿನ ಸುಮ್ಮನಿರುತ್ತವೆ, ಮೂರನೆಯ ದಿನ ಮತ್ತೆ ಅದೇ ಕಥೆ. ಕೊಲ್ಲುವ ಮಾತು ನನಗೆ ಬೇಡ. ಇತ್ತ ಮತ್ತೆ ಕಾಲಿಡದಂತೆ ಹೆದರಿಸುವ ದಾರಿ ಗೊತ್ತಿದ್ದವರು ಹೇಳಿ. ರೋಹಿಣಿ ಮಳೆ ಬಿದ್ದಿದೆ, ಈ ವಾರ ಮತ್ತೆ ಬಿತ್ತಬೇಕು.

ಕೇಶ್ವಾಪುರ ಮೂಲೆಮನೆ, ಶನಿವಾರ ಬೆಳಿಗ್ಗೆ 8:15

ಅಕ್ಕಾ, ನೀಲಿ ನೀರು ನಾಯಿಗಳಿಗೆ. ನಮ್ಮ ಗೇಟಿನ ಮುಂದೆ ಇಟ್ಟ ಮೇಲೆ ನಾಯಿಗಳು ಬರುವುದು ಕಡಿಮೆಯಾಯಿತು. ಬೆಕ್ಕಿಗೆ ಕೆಂಪು ನೀರು ಇಟ್ಟು ನೋಡಿ, ಕುಂಕುಮ ಕದಡಿದರೆ ಸಾಕು.

ಬ್ಯಾಡಗಿ ಹೊಲ, ಶನಿವಾರ ಬೆಳಿಗ್ಗೆ 9:02

ನಮ್ಮಲ್ಲಿ ಮೆಣಸಿನಕಾಯಿ ಪುಡಿಯನ್ನು ಮಡಿಯ ಸುತ್ತ ಉದುರಿಸುವ ರೂಢಿ ಇದೆ. ಬ್ಯಾಡಗಿ ಕಾಯಿಯ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರು ಪುಡಿ ತನ್ನಿ. ಒಮ್ಮೆ ಮೂಗಿಗೆ ಹತ್ತಿದರೆ ಆ ಕಡೆ ತಿರುಗಿ ನೋಡುವುದಿಲ್ಲ.

ಗದಗ ಪಶುವೈದ್ಯ ವಿದ್ಯಾರ್ಥಿನಿ, ಶನಿವಾರ ಮಧ್ಯಾಹ್ನ 1:30

ಕಾಕೂ, ಮೊದಲು ಒಂದು ಕೆಲಸ ಮಾಡಿ. ಡಾಂಬರು ಗುಳಿಗೆಗಳನ್ನು ಈಗಲೇ ಹೆಕ್ಕಿ ತೆಗೆಯಿರಿ. ಅದು ನ್ಯಾಫ್ತಲೀನ್. ಬೆಕ್ಕಿಗೂ ವಿಷ, ಬಸುರಿ ದಿನವೂ ಆ ಗಾಳಿ ಕುಡಿಯುವುದೂ ಒಳ್ಳೆಯದಲ್ಲ. ಕೂಸಿಗಾಗಿ ತೆಗೆದಿಟ್ಟ ಹಳೆಯ ಬಟ್ಟೆಗಳ ಟ್ರಂಕಿನಲ್ಲಿಯೂ ಈ ಗುಳಿಗೆ ಇದ್ದರೆ ತೆಗೆದುಬಿಡಿ. ಕೆಲವು ಕೂಸುಗಳಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥ ಕೂಸಿಗೆ ಗುಳಿಗೆಯ ವಾಸನೆ ಹಿಡಿದ ಬಟ್ಟೆ ಹೊದಿಸಿದರೆ ಕೆಂಪು ರಕ್ತಕಣಗಳು ಒಡೆದು ತೀವ್ರವಾದ ಕಾಮಾಲೆ ಬರುತ್ತದೆ.

ಫಿನಾಯಿಲ್ ಕೂಡ ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆ. ಅದರ ಮೇಲೆ ನಡೆದ ಬೆಕ್ಕು ಪಂಜ ನೆಕ್ಕಿಕೊಳ್ಳುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಮೆಣಸಿನ ಪುಡಿಯದೂ ಅದೇ ಕಥೆ: ಪಂಜಕ್ಕೆ ಹತ್ತಿದ್ದು ಕಣ್ಣಿಗೆ ಹೋಗಿ ಉರಿಯುತ್ತದೆ. ಒಂದು ಮಳೆ ಬಿದ್ದರೆ ಪುಡಿ ಕೊಚ್ಚಿಹೋಗುತ್ತದೆ, ಗಾಳಿ ಬಂದರೆ ನಿಮ್ಮ ಮಗಳ ಕಣ್ಣಿಗೇ ಬರುತ್ತದೆ. ಬ್ಯಾಡಗಿಯ ಅಣ್ಣ ತಪ್ಪು ತಿಳಿಯಬಾರದು.

ಬಣ್ಣದ ನೀರಿನ ಬಗ್ಗೆ. ನಾಯಿಗೆ ನೀಲಿ ಮತ್ತು ಹಳದಿ ಚೆನ್ನಾಗಿ ಕಾಣುತ್ತವೆ, ಕೆಂಪು ಹಸಿರುಗಳ ಭೇದ ತಿಳಿಯುವುದಿಲ್ಲ. ಬೆಕ್ಕಿಗೂ ಕೆಂಪು ಸರಿಯಾಗಿ ಕಾಣುವುದಿಲ್ಲ. ಹೊಸ ವಸ್ತು ಕಂಡಾಗ ಯಾವ ಪ್ರಾಣಿಯೂ ಎರಡು ದಿನ ಅನುಮಾನಿಸುತ್ತದೆ. ಅದರಿಂದ ತನಗೇನೂ ಆಗುವುದಿಲ್ಲ ಎಂದು ತಿಳಿದ ಮೇಲೆ ಬಾಟಲಿಯ ಪಕ್ಕದಲ್ಲೇ ಮಲಗುತ್ತದೆ. ಜಪಾನಿನಲ್ಲಿಯೂ ಜನ ಬೆಕ್ಕು ಬಾರದಿರಲೆಂದು ಗೋಡೆಯ ಉದ್ದಕ್ಕೂ ನೀರಿನ ಬಾಟಲಿ ಇಡುತ್ತಾರೆ, ಬೆಕ್ಕುಗಳು ಅಲ್ಲಿಯೂ ಬರುತ್ತವೆ.

ಈಗ ಮಗಳ ವಿಷಯ. ಆ ರೋಗದ ಹೆಸರು ಟೊಕ್ಸೊಪ್ಲಾಸ್ಮೊಸಿಸ್. ಕಾಯಿಲೆ ಇರುವುದು ನಿಜ, ಗಾಬರಿ ಬೇಡ. ಸೋಂಕು ತಗಲಿದ ಬೆಕ್ಕು ಸಾಮಾನ್ಯವಾಗಿ ಮೊದಲ ಒಂದರಿಂದ ಮೂರು ವಾರ ಮಾತ್ರ ಮಲದಲ್ಲಿ ಅದರ ಮೊಟ್ಟೆಗಳನ್ನು ಹೊರಹಾಕುತ್ತದೆ. ಆ ಮೊಟ್ಟೆಗಳೂ ಹೊರಬಿದ್ದ ಕೂಡಲೇ ಸೋಂಕು ಹರಡುವುದಿಲ್ಲ, ಒಂದರಿಂದ ಐದು ದಿನ ಬೇಕು. ಆದರೆ ಮಣ್ಣಿನಲ್ಲಿ ಸೇರಿದ ಮೇಲೆ ತಿಂಗಳುಗಟ್ಟಲೆ ಉಳಿಯುತ್ತವೆ. ಹಾಗಾಗಿ ಬೆಕ್ಕು ಎದುರಿಗೆ ಸುಳಿದಾಡಿದ್ದಕ್ಕೆ ಭಯಪಡಬೇಡಿ. ಭಯಪಡಬೇಕಾದದ್ದು ಮಣ್ಣಿಗೆ ಮತ್ತು ಸರಿಯಾಗಿ ತೊಳೆಯದ ತಪ್ಪಲಿಗೆ. ಮಗಳು ಹೆರಿಗೆಯವರೆಗೆ ಮಡಿಯಲ್ಲಿ ಕೈ ಹಾಕುವುದು ಬೇಡ. ಈ ಹಿತ್ತಲ ಮೆಂತೆ, ಮೂಲಂಗಿ ತಪ್ಪಲು, ಹಕ್ಕರಿಕೆ ಯಾವುದನ್ನೂ ಅವಳಿಗೆ ಹಸಿಯಾಗಿ ಕೊಡಬೇಡಿ, ಪಚಡಿಯೂ ಬೇಡ. ಬೇಯಿಸಿ ಪಲ್ಯ ಮಾಡಿದರೆ ತೊಂದರೆಯಿಲ್ಲ. ನೀವು ಮಣ್ಣಿನ ಕೆಲಸ ಮಾಡುವಾಗ ಕೈಗವಸು ಹಾಕಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಮುಂದಿನ ತಪಾಸಣೆಗೆ ಹೋದಾಗ ಹೆರಿಗೆ ವೈದ್ಯರಿಗೂ ಈ ಬೆಕ್ಕುಗಳ ವಿಷಯ ಹೇಳಿ.

ಹೆದರಿಸುವುದಕ್ಕಿಂತ ಮೊದಲು, ಅವು ನಿಮ್ಮ ಹಿತ್ತಲಿಗೇ ಯಾಕೆ ಬರುತ್ತಿವೆ ಎಂಬುದನ್ನು ಹುಡುಕೋಣ. ಸುತ್ತ ಯಾರಾದರೂ ಊಟ ಹಾಕುತ್ತಾರೆಯೇ? ಹಿತ್ತಲಲ್ಲಿ ಕಟ್ಟಿಗೆ ರಾಶಿ, ಹಳೆಯ ಕೊಟ್ಟಿಗೆ, ಅಟ್ಟ ಇದೆಯೇ?

ಮಾಳಮಡ್ಡಿ ಹಿತ್ತಲು, ಶನಿವಾರ ಸಂಜೆ 6:10

ಗುಳಿಗೆಗಳನ್ನೆಲ್ಲ ತೆಗೆದೆ. ಕೂಸಿಗೆಂದು ನನ್ನ ಅತ್ತೆಯವರ ಕಾಲದ ಕೌದಿಯನ್ನು ಟ್ರಂಕಿನಲ್ಲಿ ಇಟ್ಟಿದ್ದೆ, ಅದರಲ್ಲಿ ಎಂಟು ಗುಳಿಗೆ ಇದ್ದವು. ಒಗೆದು ಬಿಸಿಲಿಗೆ ಹಾಕಿದ್ದೇನೆ. ನಿನಗೆ ಪುಣ್ಯ ಬರಲಿ, ತಾಯಿ.

ಬಚ್ಚಲ ಒಲೆಗೆಂದು ಒಟ್ಟಿದ ಕಟ್ಟಿಗೆ ರಾಶಿ ಇದೆ. ಹಿಂದಿನ ಓಣಿಯ ಮನೆಯೊಂದರಲ್ಲಿ ರಾತ್ರಿ ಅನ್ನ ಹಾಲು ಕಟ್ಟೆಯ ಮೇಲೆ ಇಡುತ್ತಾರೆ. ನಾಲ್ಕು ಬೆಕ್ಕುಗಳು ಅಲ್ಲಿ ಉಂಡು ಇಲ್ಲಿ ಬರುತ್ತವೆ.

ಕೆಲಗೇರಿ ತೋಟ, ಶನಿವಾರ ರಾತ್ರಿ 8:45

ಮಡಿಯ ವಿಷಯ ನಾನು ಹೇಳುತ್ತೇನೆ, ಹನ್ನೆರಡು ವರ್ಷ ಇದೇ ಕಷ್ಟ ಪಟ್ಟಿದ್ದೇನೆ.

ಬೆಕ್ಕಿಗೆ ಬೇಕಾದದ್ದು ಒಣಗಿದ, ಸಡಿಲವಾದ, ಮೆತ್ತನೆಯ ಮಣ್ಣು. ನಾವು ಬಿತ್ತುವುದಕ್ಕೆ ಹದ ಮಾಡುವುದೂ ಅಂಥ ಮಣ್ಣನ್ನೇ. ಬೀಜ ಬಿತ್ತಿದ ಕೂಡಲೇ ಮಡಿಯ ಮೇಲೆ ಕೋಳಿ ಜಾಲರಿಯನ್ನು ಮಟ್ಟವಾಗಿ ಹಾಸಿ, ನಾಲ್ಕು ಮೂಲೆಗೆ ಗೂಟ ಹೊಡೆಯಿರಿ. ಮೆಂತೆ, ಕೊತ್ತಂಬರಿ ಎಲ್ಲ ಜಾಲರಿಯ ಕಣ್ಣಿನಿಂದಲೇ ಮೇಲೆ ಬರುತ್ತವೆ. ಪಂಜಕ್ಕೆ ತಂತಿ ತಾಗಿದರೆ ಬೆಕ್ಕು ಕೆದರುವುದಿಲ್ಲ. ಜಾಲರಿ ಇಲ್ಲದಿದ್ದರೆ ನಿಮ್ಮ ಲಿಂಬೆ ಗಿಡದ ಮುಳ್ಳಿನ ಟೊಂಗೆಗಳನ್ನು ಅಡ್ಡಡ್ಡ ಹರಡಿ, ಗೇಣಿಗೊಂದು. ಗಿಡಗಳ ಬುಡಕ್ಕೆ ಗರಸು ಅಥವಾ ದಪ್ಪ ಹರಳು ಹಾಕಿ. ಸಂಜೆ ನೀರು ಬಿಟ್ಟು ಮೇಲ್ಮಣ್ಣು ಒದ್ದೆ ಇಟ್ಟರೆ ಇನ್ನೂ ಒಳ್ಳೆಯದು. ಒದ್ದೆ ಮಣ್ಣಿನಲ್ಲಿ ಕೂರುವುದು ಬೆಕ್ಕಿಗೆ ಸೇರುವುದಿಲ್ಲ.

ಅದರ ಜೊತೆಗೆ, ಮನೆಯಿಂದ ದೂರದ ಮೂಲೆಯಲ್ಲಿ ಎರಡು ಬುಟ್ಟಿ ಮರಳು ಸುರಿದು ಬಿಡಿ. ಮೂರಡಿ ಉದ್ದಗಲ ಸಾಕು. ಬೆಕ್ಕುಗಳು ಅಲ್ಲಿಗೇ ಹೋಗುತ್ತವೆ. ನನ್ನ ತೋಟದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಬರಬೇಡ ಎಂದು ನೂರು ಸಲ ಗದರಿಸುವುದಕ್ಕಿಂತ, ಇಲ್ಲಿ ಹೋಗು ಎಂದು ಒಂದು ಜಾಗ ತೋರಿಸುವುದು ಸುಲಭ.

ಗದಗ ಪಶುವೈದ್ಯ ವಿದ್ಯಾರ್ಥಿನಿ, ಶನಿವಾರ ರಾತ್ರಿ 9:20

ಕೆಲಗೇರಿಯ ಕಾಕಾ ಹೇಳಿದ ಮರಳಿನ ಮೂಲೆ ರೋಗದ ದೃಷ್ಟಿಯಿಂದಲೂ ಸರಿ. ಹೊಲಸು ಒಂದೇ ಕಡೆ ಬಿದ್ದರೆ ದಿನವೂ ತೆಗೆಯಬಹುದು. ಇಪ್ಪತ್ನಾಲ್ಕು ಗಂಟೆಯೊಳಗೆ ತೆಗೆದರೆ ಆ ಮೊಟ್ಟೆಗಳಿಗೆ ಬಲಿಯುವ ಸಮಯವೇ ಸಿಗುವುದಿಲ್ಲ. ಕಾಕೂ, ತೆಗೆಯುವವರು ನೀವು ಅಥವಾ ನಿಮ್ಮ ಮನೆಯವರು ಆಗಿರಲಿ, ಮಗಳಲ್ಲ. ಗೊಬ್ಬರದ ಗುಂಡಿಗೆ ಹಾಕದೆ ಆಳವಾಗಿ ಹೂಳಿ.

ಗೋಕುಲ ರಸ್ತೆ ನಿವಾಸಿ, ಭಾನುವಾರ ಬೆಳಿಗ್ಗೆ 10:05

ಇಷ್ಟೆಲ್ಲ ಯಾಕೆ? ನನ್ನ ಕಾರಿನ ವೈರುಗಳನ್ನು ಇಲಿಗಳು ಎರಡು ಸಲ ಕಡಿದವು. ಕಪ್ಪು ಪುಡಿಯ ಇಲಿ ಪಾಷಾಣ ತಂದು ರೊಟ್ಟಿ ಚೂರಿಗೆ ಬೆಲ್ಲದ ಜೊತೆ ಸವರಿ ಕಂಪೌಂಡಿನ ಸುತ್ತ ಇಟ್ಟೆ. ಒಂದು ವಾರದಲ್ಲಿ ಇಲಿಯೂ ಇಲ್ಲ, ಬೆಕ್ಕೂ ಇಲ್ಲ. ಮನೆಯಲ್ಲಿ ಬಸುರಿ ಇರುವಾಗ ಪ್ರಾಣಿಗಳ ಮೇಲೆ ಕನಿಕರ ತೋರಿಸುತ್ತ ಕೂರಬಾರದು.

ಸಾಧನಕೇರಿ ಹಿರಿಯ, ಭಾನುವಾರ ಬೆಳಿಗ್ಗೆ 11:30

ತಮ್ಮಾ, ನಿನ್ನ ಮಾತು ಓದಿ ಕೈ ನಡುಗಿತು. ಬೈಯುವುದಕ್ಕೆ ಬರೆಯುತ್ತಿಲ್ಲ, ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನಮ್ಮ ಹಿತ್ತಲ ಹುಣಸೆ ಮರದ ಪೊಟರೆಯಲ್ಲಿ ಕಣಜ ಗೂಬೆಗಳ ಜೋಡಿ ಇತ್ತು. ಬೆಳ್ಳನೆಯ ಮುಖ, ಹೃದಯದ ಆಕಾರ. ಗೂಬೆ ಅಪಶಕುನ ಎಂದು ಓಣಿಯವರು ಹೇಳುತ್ತಿದ್ದರು, ನನ್ನ ಹೆಂಡತಿ ಮಾತ್ರ ಅವುಗಳನ್ನು ಲಕ್ಷ್ಮಿಯ ವಾಹನ ಎಂದು ನೋಡಿಕೊಳ್ಳುತ್ತಿದ್ದಳು. ದಿನವೂ ಬೆಳಿಗ್ಗೆ ಮರದ ಬುಡದಲ್ಲಿ ಅವು ಉಗುಳಿದ ಉಂಡೆಗಳು ಬಿದ್ದಿರುತ್ತಿದ್ದವು, ಒಡೆದರೆ ಒಳಗೆ ಇಲಿಯ ಎಲುಬು, ಕೂದಲು. ಒಂದೊಂದು ಉಂಡೆಯಲ್ಲಿ ಎರಡು, ಮೂರು ತಲೆಬುರುಡೆ. ನನ್ನ ಮೊಮ್ಮಗ ಅವನ್ನು ಎಣಿಸಿ ವಹಿಯಲ್ಲಿ ಬರೆದಿಡುತ್ತಿದ್ದ. ಆ ಮೂರು ವರ್ಷ ನಮ್ಮ ಮನೆಯ ಜೋಳದ ಚೀಲಕ್ಕೆ ಒಂದು ತೂತು ಬೀಳಲಿಲ್ಲ.

ಒಂದು ಬೇಸಿಗೆಯಲ್ಲಿ ಪಕ್ಕದವರು ಇಲಿಗೆ ವಿಷದ ಬಿಲ್ಲೆ ಇಟ್ಟರು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯ ವಿಷ. ತಿಂದ ಇಲಿ ಕೂಡಲೇ ಸಾಯುವುದಿಲ್ಲ, ಮೂರು ನಾಲ್ಕು ದಿನ ಮಂಕಾಗಿ ಓಡಾಡುತ್ತದೆ. ಗೂಬೆಗೆ ಅಂಥ ಇಲಿ ಸುಲಭವಾಗಿ ಸಿಕ್ಕಿತು. ಮೊದಲು ಹೆಣ್ಣು ಗೂಬೆ ಬಿತ್ತು, ಮೂಗಿನಲ್ಲಿ ರಕ್ತ. ಎರಡು ದಿನ ಬಿಟ್ಟು ಗಂಡು. ಪೊಟರೆಯಲ್ಲಿ ಮರಿಗಳು ರಾತ್ರಿಯಿಡೀ ಬುಸುಗುಟ್ಟುತ್ತಿದ್ದವು, ಮೂರನೆಯ ರಾತ್ರಿ ಸದ್ದು ನಿಂತಿತು. ಮೊಮ್ಮಗ ಆ ವಹಿಯನ್ನು ಮತ್ತೆ ತೆಗೆಯಲಿಲ್ಲ. ಮುಂದಿನ ಮಳೆಗಾಲಕ್ಕೆ ಹೆಗ್ಗಣಗಳು ನಮ್ಮ ಬಚ್ಚಲ ಗೋಡೆಯ ಬುಡವನ್ನೇ ಕೊರೆದವು.

ನೀನು ಇಟ್ಟ ಕಪ್ಪು ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲ ತಾಗಿದರೆ ಅದು ವಿಷಾನಿಲವಾಗುತ್ತದೆ, ಅದಕ್ಕೆ ಪ್ರತ್ಯೌಷಧವಿಲ್ಲ. ಬೆಲ್ಲ ಸವರಿದ ರೊಟ್ಟಿ ಚೂರನ್ನು ಇಲಿ ಮಾತ್ರ ತಿನ್ನುತ್ತದೆ ಎಂದು ಹೇಗೆ ಹೇಳುತ್ತೀ? ಓಣಿಯಲ್ಲಿ ಅಂಬೆಗಾಲಿಡುವ ಮಕ್ಕಳಿಲ್ಲವೇ? ಬೆಕ್ಕಿಗೆ ಬೇಕೆಂದೇ ವಿಷವಿಕ್ಕಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನ ಅಪರಾಧ, ಐದು ವರ್ಷದವರೆಗೆ ಶಿಕ್ಷೆ ಇದೆ. ಕಾನೂನು ಆಮೇಲೆ. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಮಾಡಬೇಕು ಎಂದು ನಮ್ಮ ಹಿರಿಯರು ಯಾಕೆ ಹೇಳಿದರು ಯೋಚಿಸು. ಕಾಳು ಕಾಯುವ ಪ್ರಾಣಿಯ ಮೇಲೆ ಕೈ ಎತ್ತುವ ಮೊದಲು ಜನ ಹೆದರಲಿ ಎಂದೇ ಅಷ್ಟು ದೊಡ್ಡ ದಂಡ ಇಟ್ಟರು.

ಗೋಕುಲ ರಸ್ತೆ ನಿವಾಸಿ, ಭಾನುವಾರ ರಾತ್ರಿ 9:50

ಕಾಕಾ, ನಿಮ್ಮ ಬರಹವನ್ನು ಮನೆಯವರಿಗೂ ಓದಿ ಹೇಳಿದೆ. ಓಣಿಯಲ್ಲಿ ಎರಡು ವರ್ಷದ ಮಗು ಇರುವುದು ನಿಜ. ಉಳಿದ ಚೂರುಗಳನ್ನು ಕೈಗವಸು ಹಾಕಿಕೊಂಡು ಹೆಕ್ಕಿದ್ದೇನೆ. ಇಟ್ಟದ್ದು ಹದಿನಾಲ್ಕು, ಸಿಕ್ಕಿದ್ದು ಒಂಬತ್ತು. ನಾಳೆ ಬೆಳಕಿನಲ್ಲಿ ಮತ್ತೆ ಹುಡುಕುತ್ತೇನೆ, ಮಗುವಿನ ಮನೆಯವರಿಗೂ ಈಗಲೇ ಹೋಗಿ ತಿಳಿಸುತ್ತೇನೆ. ಆದರೆ ಇಲಿಗೆ ಏನು ಮಾಡಲಿ? ಒಂದು ಸಲ ವೈರು ಕಡಿದರೆ ಸಾವಿರಾರು ರೂಪಾಯಿ ಹೋಗುತ್ತದೆ.

ಹಳೇ ಹುಬ್ಬಳ್ಳಿ ಕಿರಾಣಿ, ಸೋಮವಾರ ಮಧ್ಯಾಹ್ನ 2:20

ಇಲಿಯ ವಿಷಯಕ್ಕೆ ನನ್ನನ್ನು ಕೇಳಿ. ಮೂರು ತಲೆಮಾರಿನ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ.

ಮೊದಲು ಯಾವ ಪ್ರಾಣಿ ಎಂದು ಗುರುತಿಸಿ. ಹಿತ್ತಲಲ್ಲಿ ಮುಷ್ಟಿ ಗಾತ್ರದ ಬಿಲ, ಬಾಯಿಯ ಮುಂದೆ ಹೊಸ ಮಣ್ಣಿನ ಗುಡ್ಡೆ ಇದ್ದರೆ ಅದು ಹೆಗ್ಗಣ. ಉದ್ದ ಮೂತಿ, ಕೆಟ್ಟ ವಾಸನೆ, ಗೋಡೆ ಹಿಡಿದು ಚಿಕ್ ಚಿಕ್ ಎಂದು ಓಡುವುದು ಸುಂಡಿಲಿ. ಅದು ಜಿರಲೆ, ಹುಳ ತಿನ್ನುವ ಪ್ರಾಣಿ, ಅದನ್ನು ಬಿಟ್ಟುಬಿಡಿ. ವೈರು ಕಡಿಯುವುದು ಮನೆ ಇಲಿ. ಇಲಿಯ ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ಅದು ಬದುಕಲಾರದು. ಬೆಕ್ಕು ಸಣ್ಣ ಇಲಿಗಳನ್ನು ಹಿಡಿಯುತ್ತದೆ, ಅದರ ವಾಸನೆಗೆ ಇಲಿಗಳು ಬಯಲಿಗೆ ಬರಲು ಅಂಜುತ್ತವೆ. ಬಲಿತ ಹೆಗ್ಗಣದ ಎದುರು ಮಾತ್ರ ಎಷ್ಟೋ ಬೆಕ್ಕುಗಳು ಹಿಂದೆ ಸರಿಯುವುದನ್ನು ನಾನೇ ನೋಡಿದ್ದೇನೆ.

ಬೋನು ಇಡುವವರು ಮಾಡುವ ತಪ್ಪು ಅವಸರ. ಇಲಿ ಹೊಸ ವಸ್ತುವನ್ನು ನಂಬುವುದಿಲ್ಲ. ಮೊದಲ ಮೂರು ನಾಲ್ಕು ದಿನ ಬೋನಿನ ಬಾಗಿಲು ತೆರೆದು ಕಟ್ಟಿಡಿ, ಒಳಗೆ ಸುಟ್ಟ ಒಣಕೊಬ್ಬರಿ ಇಡಿ, ತಿಂದು ಹೋಗಲಿ. ಐದನೆಯ ರಾತ್ರಿ ಕೊಂಡಿ ಹಾಕಿ. ಬೋನು ಗೋಡೆಗೆ ಒತ್ತಿರಬೇಕು, ಇಲಿ ನಡುಮನೆಯಲ್ಲಿ ಓಡುವುದಿಲ್ಲ, ಗೋಡೆಯ ಅಂಚನ್ನೇ ಹಿಡಿಯುತ್ತದೆ.

ಹಿಡಿದರಷ್ಟೇ ಸಾಲದು. ಹೆಣ್ಣಿಲಿ ಮೂರು ವಾರದಲ್ಲಿ ಈಯುತ್ತದೆ, ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಈಯಲು ತಯಾರು. ದಾರಿ ಮುಚ್ಚದಿದ್ದರೆ ಹಿಡಿಯುವ ಕೆಲಸ ಮುಗಿಯುವುದೇ ಇಲ್ಲ. ಸಣ್ಣ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ಬಚ್ಚಲ ತೂಬಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಹಾಕಿಸಿ. ಹಿಂಬಾಗಿಲ ಕೆಳ ಅಂಚಿಗೆ ತಗಡು ಹೊಡೆಸಿ. ಬಿಲಕ್ಕೆ ಒಡೆದ ಗಾಜು ಕಲಸಿದ ಸಿಮೆಂಟು ತುಂಬಿ, ಆದರೆ ಮರುದಿನ ಸುತ್ತ ಹುಡುಕಿ, ಹೆಗ್ಗಣದ ಬಿಲಕ್ಕೆ ಒಂದಕ್ಕಿಂತ ಹೆಚ್ಚು ಬಾಯಿ ಇರುತ್ತದೆ. ಜೋಳ, ಶೇಂಗಾ ಚೀಲದಲ್ಲಿ ಬೇಡ, ತಗಡಿನ ಡ್ರಮ್ಮಿನಲ್ಲಿ ಇರಲಿ. ಕಟ್ಟಿಗೆಯನ್ನು ಗೋಡೆಯಿಂದ ಒಂದಡಿ ಬಿಟ್ಟು, ನೆಲದಿಂದ ಒಂದಡಿ ಎತ್ತರಿಸಿ, ಕಲ್ಲಿನ ಮೇಲೆ ಒಟ್ಟಿ. ಮಳೆಗಾಲದಲ್ಲಿ ಇಲಿ ಇದ್ದಲ್ಲಿ ಹಾವು ಬರುತ್ತದೆ, ಇಲಿ ಮೂತ್ರ ಬೆರೆತ ನೀರಿನಿಂದ ಇಲಿ ಜ್ವರವೂ ಬರುತ್ತದೆ. ಬರಿಗಾಲಲ್ಲಿ ಹಿತ್ತಲಿಗೆ ಇಳಿಯಬೇಡಿ.

ಕಾರಿನ ಅಣ್ಣನಿಗೆ: ಕಾರನ್ನು ಕಸದ ತೊಟ್ಟಿ, ಕಾಳಿನ ಚೀಲಗಳಿಂದ ದೂರ ನಿಲ್ಲಿಸಿ. ದಿನಗಟ್ಟಲೆ ನಿಲ್ಲಿಸುವುದಾದರೆ ರಾತ್ರಿ ಬಾನೆಟ್ ಎತ್ತಿಡಿ. ಇಲಿಗೆ ಕತ್ತಲೆ, ಬೆಚ್ಚಗಿನ ಸಂದು ಬೇಕು. ಬಯಲಾದ ಜಾಗದಲ್ಲಿ ಗೂಡು ಕಟ್ಟುವುದಿಲ್ಲ.

ನವನಗರ ಗೃಹಿಣಿ, ಸೋಮವಾರ ಸಂಜೆ 5:00

ಮಂಗಗಳಿಗೆ ಏನಾದರೂ ಉಪಾಯ ಇದೆಯೇ? ಪೇರಲ ಹಣ್ಣಾಗುವ ಮೊದಲೇ ಕಿತ್ತು ಎಸೆಯುತ್ತವೆ. ಹಂದಿಗಳೂ ಬರುತ್ತವೆ.

ಕೆಲಗೇರಿ ತೋಟ, ಸೋಮವಾರ ಸಂಜೆ 7:15

ತಂಗಿ, ಮಂಗಗಳಿಗೆ ಪೂರ್ತಿ ಉಪಾಯ ನನ್ನ ಬಳಿ ಇಲ್ಲ. ಪಟಾಕಿಗೆ ನಾಲ್ಕು ದಿನ ಹೆದರಿದವು. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ನಾಯಿಗೆ ಹುಲಿಯ ಪಟ್ಟೆ ಬಳಿದು ಕಾಫಿ ತೋಟದಲ್ಲಿ ಬಿಟ್ಟದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಮನೆ ಹಿತ್ತಲಿಗೆ ಅದು ಆಗದ ಮಾತು. ಕಾಯಿ ಬಲಿತ ಕೂಡಲೇ ಕಿತ್ತು ಒಳಗೆ ಹಣ್ಣು ಮಾಡಿ. ಓಣಿಯಲ್ಲಿ ಯಾರೂ ಮಂಗಕ್ಕೆ ತಿನ್ನಲು ಕೊಡಬಾರದು. ಹಂದಿಗೆ ಗೇಟಿನ ಕೆಳಗಿನ ಸಂದನ್ನು ಕಬ್ಬಿಣದ ಪಟ್ಟಿಯಿಂದ ಮುಚ್ಚಿಸಿ, ಮುಸುರೆ ಹೊರಗೆ ಚೆಲ್ಲಬೇಡಿ.

ಮಾಳಮಡ್ಡಿ ಹಿತ್ತಲು, ಕಾರ ಹುಣ್ಣಿವೆಯ ಮರುದಿನ, ರಾತ್ರಿ 8:30

ಇಷ್ಟು ದಿನ ಬರೆಯಲಾಗಲಿಲ್ಲ. ಆದದ್ದನ್ನೆಲ್ಲ ಹೇಳುತ್ತೇನೆ.

ಕೋಳಿ ಜಾಲರಿ ಹಾಸಿ ಮೆಂತೆ ಬಿತ್ತಿದೆ. ಒಂದು ಮಡಿಯೂ ಕೆದರಲಿಲ್ಲ. ಬೆಳೆ ಈಗ ನಾಲ್ಕು ಬೆರಳು ಎತ್ತರ ಬಂದಿದೆ. ಬಾಳೆಯ ಆಚೆಗೆ ಮರಳು ಸುರಿದೆ, ಮೂರನೆಯ ದಿನದಿಂದ ಅಲ್ಲಿಗೇ ಹೋಗುತ್ತಿವೆ. ನಮ್ಮ ಮನೆಯವರು ಬೆಳಿಗ್ಗೆ ಎದ್ದ ಕೂಡಲೇ ಕೈಗವಸು ಹಾಕಿ ತೆಗೆದು ಹೂಳುತ್ತಾರೆ. ಕಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತರಿಸಿದೆವು. ರಾಶಿ ಬಿಚ್ಚಿದಾಗ ಕೆಳಗೆ ಹೆಗ್ಗಣದ ಎರಡು ಬಿಲ ಇದ್ದವು. ಅಂದರೆ ಬೆಕ್ಕುಗಳು ಆ ರಾಶಿಯ ಮೇಲೆ ಗಂಟೆಗಟ್ಟಲೆ ಕಾಯುತ್ತಿದ್ದುದು ಸುಮ್ಮನೆ ಅಲ್ಲ.

ಅಳಿಯ ಆನ್‌ಲೈನಿನಲ್ಲಿ ಶಬ್ದ ಮಾಡುವ ಯಂತ್ರ ತರಿಸಿದರು. ಮನುಷ್ಯರಿಗೆ ಕೇಳಿಸದ ಸದ್ದಂತೆ. ಕಟ್ಟೆಯ ಮುಂದೆ ಇಟ್ಟಾಗ ಬೂದು ಬೆಕ್ಕು ಒಂದು ವಾರ ಅತ್ತ ಸುಳಿಯಲಿಲ್ಲ. ಈಗ ಬಾಳೆಯ ಹಿಂದಿನಿಂದ ಸುತ್ತಿ ಬಂದು ಕಟ್ಟೆಯ ಇನ್ನೊಂದು ಬದಿಗೆ ಮೂತ್ರ ಹೊಡೆಯುತ್ತದೆ. ಇದಕ್ಕೆ ಮಾತ್ರ ಉಪಾಯ ಕಾಣದು.

ಗದಗ ಪಶುವೈದ್ಯ ವಿದ್ಯಾರ್ಥಿನಿ, ರಾತ್ರಿ 10:10

ಆ ಸದ್ದು ನೇರವಾಗಿ ಹೋಗುತ್ತದೆ, ಗೋಡೆ ಗಿಡ ದಾಟುವುದಿಲ್ಲ. ನಾವು ಸುಮಾರು 20 ಸಾವಿರ ಹರ್ಟ್ಸ್‌ವರೆಗೆ ಕೇಳಿದರೆ ಬೆಕ್ಕು 60 ಸಾವಿರ ದಾಟಿ ಕೇಳಬಲ್ಲದು, ಅದಕ್ಕೇ ಮೊದಲು ಕಿರಿಕಿರಿಯಾಗುತ್ತದೆ. ಮರೆ ಸಿಕ್ಕರೆ ಅದಕ್ಕೆ ಅಷ್ಟೇ ಸಾಕು.

ಗಂಡು ಬೆಕ್ಕು ಮೂತ್ರ ಚಿಮ್ಮಿಸುವುದು ಇದು ನನ್ನ ಸೀಮೆ ಎಂದು ಬರೆದಿಡುವುದಕ್ಕೆ. ವಾಸನೆ ಉಳಿದಷ್ಟು ದಿನ ಅದೇ ಜಾಗಕ್ಕೆ ಬರುತ್ತದೆ. ಸಾಬೂನು ನೀರಿನಿಂದ ಉಜ್ಜಿ, ಅಡುಗೆ ಸೋಡಾ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದು ಬಿಸಿಲಿಗೆ ಒಣಗಲು ಬಿಡಿ. ಅಮೋನಿಯಾ ಇರುವ ದ್ರಾವಣ ಹಾಕಬೇಡಿ, ಅದರ ವಾಸನೆ ಮೂತ್ರದಂತೆಯೇ ಇರುತ್ತದೆ, ಇನ್ನೊಂದು ಬೆಕ್ಕು ಬಂದು ಗುರುತು ಮಾಡಿದೆ ಎಂದು ಅದು ಮತ್ತೆ ಹೊಡೆಯುತ್ತದೆ.

ಉಳಿಯುವ ಪರಿಹಾರ ಸಂತಾನಹರಣ ಶಸ್ತ್ರಚಿಕಿತ್ಸೆ. ಬೀಜ ತೆಗೆದ ಮೇಲೆ ಹೆಚ್ಚಿನ ಗಂಡು ಬೆಕ್ಕುಗಳು ಮೂತ್ರ ಚಿಮ್ಮಿಸುವುದನ್ನೂ ರಾತ್ರಿ ಜಗಳವನ್ನೂ ಬಿಡುತ್ತವೆ. ಹೆಣ್ಣು ಬೆಕ್ಕು ಒಂಬತ್ತು ವಾರಕ್ಕೆ ಈಯುತ್ತದೆ, ವರ್ಷಕ್ಕೆ ಎರಡು ಮೂರು ಸೂಲು. ಮರಿ ಐದಾರು ತಿಂಗಳಿಗೆ ತಾನೇ ಬೆದೆಗೆ ಬರುತ್ತದೆ. ಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟರೆ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬರುತ್ತದೆ. ಇರುವ ನಾಲ್ಕಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿ, ಕಿವಿತುದಿಗೆ ಗುರುತು ಹಾಕಿಸಿ, ಅಲ್ಲಿಯೇ ಬಿಟ್ಟರೆ ಅವೇ ಹೊಸ ಬೆಕ್ಕುಗಳನ್ನು ತಡೆಯುತ್ತವೆ. ಊಟ ಹಾಕುವ ಆ ಮನೆಯವರ ಸಹಾಯವಿಲ್ಲದೆ ಇದು ಆಗದು, ಕಾಕೂ. ಬೆಕ್ಕುಗಳು ನಂಬುವುದು ಅವರನ್ನು.

ಮಾಳಮಡ್ಡಿ ಹಿಂದಿನ ಓಣಿ, ಮರುದಿನ ಬೆಳಿಗ್ಗೆ 6:50

ಅನ್ನ ಹಾಲು ಇಡುವವಳು ನಾನೇ. ನನ್ನ ಮಗಳು ತೋರಿಸಿದ ಮೇಲೆ ಎಲ್ಲವನ್ನೂ ಓದಿದೆ. ಯಜಮಾನರು ತೀರಿಕೊಂಡ ಮೇಲೆ ರಾತ್ರಿ ಊಟದ ಹೊತ್ತಿಗೆ ಬಾಗಿಲಿಗೆ ಬರುವ ಜೀವಗಳು ಇವೇ. ನಿಮ್ಮ ಹಿತ್ತಲಿಗೆ ತೊಂದರೆಯಾಗುತ್ತಿದೆ ಎಂದು ಯಾರೂ ಹೇಳಿರಲಿಲ್ಲ. ಬೂದು ಬೆಕ್ಕನ್ನು ನಾನು ಕೈಯಿಂದ ಮುಟ್ಟಬಲ್ಲೆ. ಏನು ಮಾಡಬೇಕು ಹೇಳಿ.

ಮಾಳಮಡ್ಡಿ ಹಿತ್ತಲು, ಬೆಳಿಗ್ಗೆ 7:20

ಅಕ್ಕಾ, ನಾನೇ ಬಂದು ಮೊದಲು ಮಾತಾಡಬೇಕಿತ್ತು, ಕ್ಷಮಿಸಿ. ಇವತ್ತು ಸಂಜೆ ಚಹಾಕ್ಕೆ ಬರುತ್ತೇನೆ.

ಗದಗ ಪಶುವೈದ್ಯ ವಿದ್ಯಾರ್ಥಿನಿ, ಬೆಳಿಗ್ಗೆ 8:00

ಅಕ್ಕನವರೇ, ಊಟವನ್ನು ನಿಲ್ಲಿಸಬೇಡಿ, ಹೊತ್ತು ಮಾತ್ರ ಗೊತ್ತು ಮಾಡಿ. ಸಂಜೆ ಏಳಕ್ಕೆ ಇಟ್ಟು ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿ. ರಾತ್ರಿಯಿಡೀ ಬಿಟ್ಟರೆ ಅದನ್ನು ತಿನ್ನುವುದು ಹೆಗ್ಗಣ. ವೈದ್ಯರು ದಿನ ಕೊಟ್ಟ ಮೇಲೆ, ಒಂದು ವಾರ ಬಾಗಿಲು ಕಟ್ಟಿದ ಬೋನಿನೊಳಗೇ ತಟ್ಟೆ ಇಡಿ. ಸಿಕ್ಕ ಕೂಡಲೇ ಗೋಣಿಚೀಲ ಮುಚ್ಚಿ, ಕತ್ತಲಾದರೆ ಸುಮ್ಮನಾಗುತ್ತದೆ. ಕೈಯಿಂದ ಎತ್ತಬೇಡಿ, ಎಷ್ಟೇ ಪರಿಚಯವಿದ್ದರೂ. ಪರಚಿದರೆ ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ಅರಿಸಿನ ಮೆತ್ತಿ ಕೂರಬೇಡಿ. ಹಾಲೂಡಿಸುವ ಹೆಣ್ಣಿದ್ದರೆ ಮರಿಗಳು ಹಾಲು ಬಿಡುವವರೆಗೆ, ಸುಮಾರು ಎಂಟು ವಾರ, ಕಾಯಿರಿ.

ಮಾಳಮಡ್ಡಿ ಹಿತ್ತಲು, ನಾಗರ ಪಂಚಮಿಯ ಮೂರನೆಯ ದಿನ

ಮಗಳು ಹಡೆದಳು. ಹೆಣ್ಣು ಕೂಸು. ತಾಯಿ, ಕೂಸು ಇಬ್ಬರೂ ಆರಾಮವಾಗಿದ್ದಾರೆ. ಆ ಕೌದಿಯನ್ನೇ ಹೊದಿಸಿದ್ದೇವೆ.

ನಾಲ್ಕರಲ್ಲಿ ಮೂರು ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ ಆಯಿತು. ಬೂದು ಗಂಡು ನಮ್ಮ ಹಾಲನ್ನದ ಆಸೆಗೆ ಬೋನಿನೊಳಗೆ ಹೋಗಲೇ ಇಲ್ಲ. ಹಿಂದಿನ ಓಣಿಯ ಅಕ್ಕ ಒಣಮೀನು ತಂದು, ನಮ್ಮ ಮನೆಯ ಆಚಾರಕ್ಕೆ ನೋವಾಗಬಾರದೆಂದು ಕಂಪೌಂಡಿನ ಹೊರಗೆ ಕೂತು ಬೋನು ಕಾದರು. ಆಸ್ಪತ್ರೆಯಲ್ಲಿ ಇಳಿಸುವಾಗ ಜಾಲರಿಯ ಸಂದಿನಿಂದ ಅವರ ಬೆರಳಿಗೆ ಪರಚಿತು. ಅಲ್ಲಿಯೇ ನಲ್ಲಿಯ ಕೆಳಗೆ ತೊಳೆದು ನೇರವಾಗಿ ಲಸಿಕೆಗೆ ಕರೆದೊಯ್ದೆ. ಮೊದಲ ದಿನ, ಮೂರನೆಯ, ಏಳನೆಯ ದಿನದವು ಆದವು, 28ನೇ ದಿನದ್ದು ಉಳಿದಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ತುಳಸಿ ಕಟ್ಟೆಗೆ ಹದಿನೆಂಟು ದಿನದಿಂದ ವಾಸನೆಯಿಲ್ಲ. ರಾತ್ರಿ ಜಗಳವಿಲ್ಲ.

ನಾಲ್ಕನೆಯದು, ಬಿಳಿ ಹೆಣ್ಣು, ಅಕ್ಕನ ಅಟ್ಟದಲ್ಲಿ ಮೂರು ಮರಿ ಹಾಕಿದೆ. ಎಂಟು ವಾರ ಕಾಯುತ್ತೇವೆ.

ನವನಗರ ಗೃಹಿಣಿ, ಅದೇ ದಿನ ಸಂಜೆ

ಅಕ್ಕಾ, ಕೂಸಿಗೆ ನಮ್ಮೆಲ್ಲರ ಆಶೀರ್ವಾದ. ನಮ್ಮ ಓಣಿಯಲ್ಲಿಯೂ ಎರಡು ಗಂಡು ಬೆಕ್ಕುಗಳಿವೆ. ಆ ಬೋನು ನಿಮಗೆ ಎಂಟು ವಾರ ಬೇಕಾಗದಿದ್ದರೆ ನಾವು ಒಯ್ಯಬಹುದೇ?

ಮಾಳಮಡ್ಡಿ ಹಿತ್ತಲು, ರಾತ್ರಿ 9:00

ಭಾನುವಾರ ಸಂಜೆ ಬನ್ನಿ, ಪಂಚಮಿ ಉಂಡಿ ಇನ್ನೂ ಇವೆ, ತಿಂದು ಹೋಗುವಿರಂತೆ. ಬೋನಿನ ಎಡಗಡೆಯ ಕೊಂಡಿ ಸಡಿಲವಾಗಿದೆ, ತಂತಿ ಕಟ್ಟಿಕೊಳ್ಳಿ. ಗೋಣಿಚೀಲ ಒಗೆದು ಒಳಗೇ ಮಡಿಸಿಟ್ಟಿದ್ದೇನೆ.